ಸಾಮಾನು ಹೊರುವ ಆಕಾಶನೌಕೆ: ಆಟಿಕೆಯಿಂದ ಶುರುವಾದ ಒಂದು ಪಾಠ



ಕಳೆದ ಚಳಿಗಾಲದ ಒಂದು ಶನಿವಾರ ನಮ್ಮ ಕನ್ನಡ ತರಗತಿಗೆ ಹುಡುಗನೊಬ್ಬ ಹಳೆಯ ಲೋಹದ ಆಟಿಕೆಯೊಂದನ್ನು ತಂದಿದ್ದ. ಪಕ್ಕದ ಮನೆಯ ಅಜ್ಜ ಅಟ್ಟ ಖಾಲಿ ಮಾಡುವಾಗ ಕೊಟ್ಟದ್ದಂತೆ. ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಮುಂದೆ ಕೀಟದ ಮೂತಿಯಂಥ ಕೋಣೆ, ಹಿಂದೆ ಗಂಟೆಯಾಕಾರದ ಎಂಜಿನ್ ಬಾಯಿಗಳು, ನಡುವೆ ಬಿಚ್ಚಿ ತೆಗೆಯಬಹುದಾದ ಒಂದು ಡಬ್ಬ. "ಅಂಕಲ್, ಇದು ನಿಜವಾಗ್ಲೂ ಹಾರುತ್ತಾ?" ಎಂದು ಕೇಳಿದ. ಅವತ್ತು ನಾನು ಸಂಧಿ ಪಾಠ ಮಾಡಬೇಕಿತ್ತು. ಲೋಪಸಂಧಿ, ಆಗಮಸಂಧಿ ಎಂದು ಬೋರ್ಡಿನ ಮೇಲೆ ಬರೆದೂ ಆಗಿತ್ತು. ಆ ಡಬ್ಬ ಮೇಜಿನ ಮೇಲೆ ಬಂದಮೇಲೆ ಬೋರ್ಡನ್ನು ಯಾರು ನೋಡುತ್ತಾರೆ! ಕೊನೆಗೆ ಪಾಠವೇನೋ ಸಂಧಿಯದೇ ಆಯಿತು, ಆದರೆ ಅಕ್ಷರಗಳ ಸಂಧಿಯಲ್ಲ. ಅಂದು ಅರ್ಧ ಹೇಳಿ ಬಿಟ್ಟದ್ದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಆ ನೌಕೆಯ ಹೆಸರು ಈಗಲ್, ಅಂದರೆ ಹದ್ದು. ನಿಮ್ಮಲ್ಲಿ ಯಾರೂ ನೋಡಿರಲಾರಿರಿ. ಅದು ನಿಮ್ಮ ಅಪ್ಪ ಅಮ್ಮಂದಿರ ಬಾಲ್ಯಕ್ಕಿಂತಲೂ ಹಳೆಯ ಟಿವಿ ಧಾರಾವಾಹಿಯದ್ದು. 'ಸ್ಪೇಸ್: 1999' ಎಂಬ ಆ ಧಾರಾವಾಹಿಯನ್ನು ಮಾಡಿದವರು 'ಥಂಡರ್‌ಬರ್ಡ್ಸ್' ಖ್ಯಾತಿಯ ಗೆರ್ರಿ ಆಂಡರ್ಸನ್ ಮತ್ತು ಸಿಲ್ವಿಯಾ ಆಂಡರ್ಸನ್. ಬ್ರಿಟನ್ನಿನಲ್ಲಿ 1975ರ ಸೆಪ್ಟೆಂಬರ್ 4ರಂದು ಆರಂಭವಾಗಿ ಒಟ್ಟು 48 ಕಂತುಗಳು ಬಂದವು. ಇದರ ಊರು ನಮಗೆ ದೂರವಲ್ಲ. ರೇನರ್ಸ್ ಲೇನ್ ನಿಲ್ದಾಣದಿಂದ ಆರನೆಯದು ಅಕ್ಸ್‌ಬ್ರಿಜ್. ಅಲ್ಲಿಂದ ಕೆಲವೇ ಮೈಲಿ ಆಚೆ ಇರುವ ಪೈನ್‌ವುಡ್ ಸ್ಟುಡಿಯೋದಲ್ಲಿ ನಟರ ದೃಶ್ಯಗಳನ್ನು ತೆಗೆದರು. ನೌಕೆಗಳು ಹಾರುವ ದೃಶ್ಯಗಳನ್ನು ಥೇಮ್ಸ್ ದಡದ ಬ್ರೇ ಸ್ಟುಡಿಯೋದಲ್ಲಿ ಪುಟ್ಟ ಮಾದರಿಗಳನ್ನು ಇಟ್ಟು ಚಿತ್ರಿಸಿದರು. ಅಲ್ಲಿದ್ದ ಅತಿ ದೊಡ್ಡ ಈಗಲ್ ಕೂಡ 44 ಇಂಚು ಉದ್ದದ್ದು, ನಮ್ಮ ರಿಸೆಪ್ಷನ್ ತರಗತಿಯ ಮಗುವಿನಷ್ಟು ಎತ್ತರ.

ಕಥೆ ಹೀಗಿದೆ. ಚಂದ್ರನ ಮೇಲೆ ಆಲ್ಫಾ ಎಂಬ ನೆಲೆ, ಅಲ್ಲಿ 311 ಜನ. ಭೂಮಿಯ ಅಣು ವಿದ್ಯುತ್ ಸ್ಥಾವರಗಳ ಕಸವನ್ನೆಲ್ಲ ತಂದು ಚಂದ್ರನ ಮೇಲೆ ಸುರಿಯುತ್ತಾರೆ. ಒಂದು ದಿನ ಆ ಕಸ ಸಿಡಿದು ಚಂದ್ರನೇ ದಾರಿತಪ್ಪಿ ಹೊರಟುಹೋಗುತ್ತಾನೆ. ವಿಜ್ಞಾನದ ದೃಷ್ಟಿಯಿಂದ ಇದು ಆಗುವ ಮಾತಲ್ಲ, ಬಿಡಿ. ನಮಗೆ ಬೇಕಾದದ್ದು ಈಗಲ್. ಕಸ ಸಾಗಿಸಲು, ಜನರನ್ನು ಕರೆದೊಯ್ಯಲು, ಕೆಟ್ಟುನಿಂತದ್ದನ್ನು ಎತ್ತಿ ತರಲು ಆಲ್ಫಾದವರಿಗೆ ಇದ್ದದ್ದು ಈ ಒಂದೇ ಬಗೆಯ ವಾಹನ.

ಲಾರಿ ಬೇರೆ, ಡಬ್ಬ ಬೇರೆ

ಈಗಲ್ ವಿನ್ಯಾಸ ಮಾಡಿದವರು ಬ್ರಯಾನ್ ಜಾನ್ಸನ್. ಮುಂದೆ 'ಏಲಿಯನ್' ಚಿತ್ರದ ಕೆಲಸಕ್ಕೆ ಆಸ್ಕರ್ ಪಡೆದ ತಂಡದಲ್ಲಿ ಇವರೂ ಇದ್ದರು. ಇವರ ಜಾಣತನ ಎಲ್ಲಿದೆ ನೋಡಿ. ನೌಕೆಯ ಬೆನ್ನೆಲುಬು ಕಡ್ಡಿಗಳನ್ನು ಹೆಣೆದ ತೆರೆದ ಚೌಕಟ್ಟು. ಮುಂದಿನ ತುದಿಗೆ ಚಾಲಕರ ಕೋಣೆ, ಹಿಂದಿನ ತುದಿಗೆ ಎಂಜಿನ್, ನಾಲ್ಕು ಮೂಲೆಗೆ ನಾಲ್ಕು ಕಾಲು. ಹೊಟ್ಟೆಯ ಜಾಗ ಖಾಲಿ. ಆ ಖಾಲಿಗೆ ಇವತ್ತು ಜನ ಕೂರುವ ಡಬ್ಬ, ನಾಳೆ ಸಾಮಾನಿನ ಡಬ್ಬ, ನಾಡಿದ್ದು ಪ್ರಯೋಗಶಾಲೆಯ ಡಬ್ಬ.

ಎ40 ರಸ್ತೆಯಲ್ಲಿ ಹೋಗುವ ಕಂಟೇನರ್ ಲಾರಿಗಳನ್ನು ನೀವು ನೋಡಿದ್ದೀರಿ. ಲಾರಿ ಒಬ್ಬರದು, ಕಂಟೇನರ್ ಇನ್ನೊಬ್ಬರದು. ಕಂಟೇನರನ್ನು ಇಳಿಸಿ ಲಾರಿ ಬೇರೆ ಕೆಲಸಕ್ಕೆ ಹೋಗುತ್ತದೆ. ಈಗಲ್‌ನಲ್ಲಿ ಇರುವುದೂ ಇದೇ ಯೋಚನೆ. ಇದಕ್ಕೆ ರೆಕ್ಕೆ ಇಲ್ಲ, ಚೂಪಾದ ಮೂಗಿಲ್ಲ. ಚಂದ್ರನ ಮೇಲೆ ಗಾಳಿಯೇ ಇಲ್ಲದಿರುವಾಗ ಅವು ಯಾಕೆ ಬೇಕು? ಆ ಕಾಲದ ಎಷ್ಟೋ ಸಿನಿಮಾ ನೌಕೆಗಳು ನುಣ್ಣಗೆ ಬೆಳ್ಳಿ ಮೀನಿನಂತೆ ಹೊಳೆಯುತ್ತಿದ್ದಾಗ ಇದೊಂದು ಕೊಳೆಯಾದ, ಕೆಲಸ ಮಾಡುವ ವಾಹನದಂತೆ ಕಾಣುತ್ತಿತ್ತು. ನನಗೆ ಅದು ಇಷ್ಟವಾಗಲು ಅದೇ ಕಾರಣ.

ನಿಜವಾದ ಸರಕು ನೌಕೆಗಳಲ್ಲೂ ಈ ವಿಭಜನೆ ಇದೆ. (ಸರಕು ಅಂದರೆ ಸಾಗಿಸುವ ಸಾಮಾನು.) ರಷ್ಯದ 'ಪ್ರೋಗ್ರೆಸ್' ಜಗತ್ತಿನ ಮೊದಲ ಸರಕು ನೌಕೆ, 1978ರ ಜನವರಿ 20ರಂದು ಮೊದಲ ಬಾರಿ ಹಾರಿತು, ಅದರ ವಂಶ ಇಂದಿಗೂ ಹಾರುತ್ತಿದೆ. ಅದರಲ್ಲಿ ಮೂರು ಭಾಗ: ಮುಂದೆ ಒಣ ಸಾಮಾನಿನ ಕೋಣೆ, ನಡುವೆ ನಿಲ್ದಾಣಕ್ಕೆ ತುಂಬಿಸುವ ಇಂಧನದ ಟ್ಯಾಂಕುಗಳು, ಹಿಂದೆ ಎಂಜಿನ್. ಯುರೋಪಿನ 'ಎಟಿವಿ' 2008ರಿಂದ 2014ರವರೆಗೆ ಐದು ಬಾರಿ ಹೋಯಿತು. ಅದು ಹೆಚ್ಚುಕಡಿಮೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಷ್ಟು ದೊಡ್ಡದು. ಮೊದಲನೆಯ ಎಟಿವಿಗೆ ಇಟ್ಟ ಹೆಸರು ಕಥೆಗಾರ ಜೂಲ್ಸ್ ವರ್ನ್‌ನದು. ಕಥೆಯಿಂದ ನೌಕೆಗೆ ದಾರಿ ಹತ್ತಿರವೇ ಇದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಒಂದು ಸೂಟ್‌ಕೇಸಿನ ಲೆಕ್ಕ

ಹಾಗಾದರೆ ಈಗಲ್ ಹಾರುತ್ತದೆಯೇ? ಚಂದ್ರನ ಮೇಲಾದರೆ ಇಂಥದ್ದೊಂದು ಹಾರಬಹುದು. ಅಲ್ಲಿನ ಗುರುತ್ವ ಭೂಮಿಯದರ ಆರರಲ್ಲಿ ಒಂದು ಪಾಲು. ಚಂದ್ರನನ್ನು ಹತ್ತಿರದಿಂದ ಸುತ್ತಲು ಸೆಕೆಂಡಿಗೆ ಸುಮಾರು 1.7 ಕಿಲೋಮೀಟರ್ ವೇಗ ಸಾಕು. ಭೂಮಿಯನ್ನು ಸುತ್ತಲು ಸುಮಾರು 7.8 ಕಿಲೋಮೀಟರ್ ಬೇಕು. 1969ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೆ ಇಳಿದ ನಿಜವಾದ ನೌಕೆಯ ಹೆಸರೂ ಈಗಲ್ ಎಂದೇ. ಅದರ ತೂಕ ಸುಮಾರು 15 ಟನ್. ಆದರೆ ಅದರ ಕೆಳಗಿನ ಅರ್ಧ ಚಂದ್ರನ ಮೇಲೇ ಉಳಿಯಿತು. ಮೇಲೆದ್ದು ಬಂದ ಭಾಗ 5 ಟನ್ನಿಗೂ ಕಡಿಮೆ. ಟಿವಿಯ ಈಗಲ್ ಇಡಿಯಾಗಿ ಇಳಿದು, ಇಡಿಯಾಗಿ ಏರಿ, ಮರುದಿನ ಇನ್ನೊಂದು ಗ್ರಹಕ್ಕೆ ಹೊರಡುತ್ತದೆ. ಇಂಧನ ತುಂಬಿಸಿದ್ದನ್ನು ತೋರಿಸುವುದೇ ಅಪರೂಪ!

ಇಂಧನದ ಈ ಲೆಕ್ಕವೇ ಎಲ್ಲ ಸರಕು ನೌಕೆಗಳ ಹಣೆಬರಹ. ಬೆಂಗಳೂರಿಗೆ ಹೊರಡುವ ಮುನ್ನ ಮನೆಯಲ್ಲಿ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಅಮ್ಮ ಸೂಟ್‌ಕೇಸನ್ನು ತೂಕದ ಯಂತ್ರದ ಮೇಲೆ ಇಡುತ್ತಾರೆ, 23 ಕಿಲೋ ದಾಟಿದ್ದರೆ ಚಾಕೊಲೇಟ್ ಡಬ್ಬ ಹೊರಗೆ. ಈಗ ಅದೇ ಸೂಟ್‌ಕೇಸನ್ನು ಪ್ರೋಗ್ರೆಸ್ ನೌಕೆಯಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಕಳಿಸೋಣ. ಪ್ರೋಗ್ರೆಸ್ ಅನ್ನು ಏರಿಸುವ ಸೊಯುಜ್ ರಾಕೆಟ್ಟಿನ ತೂಕ ನೆಲದ ಮೇಲೆ ಸುಮಾರು 310 ಟನ್. ಕಕ್ಷೆ ತಲುಪುವ ಪ್ರೋಗ್ರೆಸ್ ಸುಮಾರು 7 ಟನ್. ಅದರೊಳಗಿನ ಸಾಮಾನು ಸುಮಾರು ಎರಡೂವರೆ ಟನ್. ಅಂದರೆ 1 ಕಿಲೋ ಸಾಮಾನಿಗೆ 124 ಕಿಲೋ ರಾಕೆಟ್. ನಿಮ್ಮ ಒಂದು ಸೂಟ್‌ಕೇಸಿಗೆ 2,852 ಕಿಲೋ! ಹಾರುವ ಮುನ್ನ ರಾಕೆಟ್ಟಿನ ತೂಕದಲ್ಲಿ ಬಹುಪಾಲು ಇಂಧನವೇ. ಆ ಇಂಧನವನ್ನು ಎತ್ತಲು ಮತ್ತಷ್ಟು ಇಂಧನ ಬೇಕು, ಅದನ್ನು ಎತ್ತಲು ಇನ್ನಷ್ಟು.

ಗಾಳಿಯ ತೊಂದರೆಯೂ ಇದೆ. ಈಗಲ್‌ನ ತೆರೆದ ಚೌಕಟ್ಟು ಚಂದ್ರನ ಮೇಲೆ ಸರಿ. ಭೂಮಿಯಿಂದ ಏರುವಾಗಲೋ ಇಳಿಯುವಾಗಲೋ ಗಾಳಿಯ ಹೊಡೆತಕ್ಕೆ ಅದು ಉಳಿಯದು. ಪ್ರೋಗ್ರೆಸ್, ಎಟಿವಿ ಮುಂತಾದವು ಮೇಲೇರುವಾಗ ಒಂದು ಮುಚ್ಚಳದೊಳಗೆ ಕುಳಿತಿರುತ್ತವೆ. ಗಾಳಿ ತೆಳುವಾದ ಮೇಲೆ ಮುಚ್ಚಳ ಬಿಚ್ಚಿ ಬೀಳುತ್ತದೆ, ಆಮೇಲೆ ಸೌರ ಫಲಕಗಳು ಅರಳುತ್ತವೆ. ಮರಳುವಾಗ ಅವಕ್ಕೆ ರಕ್ಷಣೆ ಇಲ್ಲ. ನಿಲ್ದಾಣದವರು ತಮ್ಮ ಕಸವನ್ನೆಲ್ಲ ಅದರೊಳಗೆ ತುಂಬಿ ಬಾಗಿಲು ಹಾಕುತ್ತಾರೆ, ನೌಕೆ ಕಸದ ಸಮೇತ ವಾತಾವರಣದಲ್ಲಿ ಉರಿದುಹೋಗುತ್ತದೆ, ಉಳಿದ ಚೂರುಗಳು ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಬೀಳುತ್ತವೆ. ಬರುವಾಗ ಕಿರಾಣಿ ಲಾರಿ, ಹೋಗುವಾಗ ಕಸದ ಲಾರಿ. ಅಮೆರಿಕದ 'ಡ್ರ್ಯಾಗನ್' ಮಾತ್ರ ಶಾಖ ತಡೆಯುವ ಕವಚ ಹೊತ್ತು, ಪ್ಯಾರಾಚೂಟ್ ಬಿಚ್ಚಿ, ಸಾಮಾನನ್ನು ಸುರಕ್ಷಿತವಾಗಿ ಸಮುದ್ರಕ್ಕೆ ಇಳಿಸುತ್ತದೆ.

ಹೀಗೆ ಉರಿದುಹೋದವುಗಳಲ್ಲಿ ನಮ್ಮವರ ಹೆಸರಿನ ಒಂದು ನೌಕೆಯೂ ಇದೆ. 2020ರ ಅಕ್ಟೋಬರಿನಲ್ಲಿ ನಿಲ್ದಾಣ ತಲುಪಿದ 'ಸಿಗ್ನಸ್' ಸರಕು ನೌಕೆಗೆ 'ಎಸ್.ಎಸ್. ಕಲ್ಪನಾ ಚಾವ್ಲಾ' ಎಂದು ಹೆಸರಿಟ್ಟಿದ್ದರು. 2003ರ ಫೆಬ್ರವರಿ 1ರಂದು ಕೊಲಂಬಿಯಾ ದುರಂತದಲ್ಲಿ ತೀರಿಕೊಂಡ ಕಲ್ಪನಾ ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಿ. (ತರಗತಿಯಲ್ಲಿ ಇಬ್ಬರು ಕರ್ನಾಟಕ ಎಂದು ಬರೆದಿದ್ದರು, ಮಾರ್ಕ್ಸ್ ಕೊಡಲಿಲ್ಲ.) ಆ ನೌಕೆ ಹೊತ್ತದ್ದು ಸುಮಾರು ಮೂರೂವರೆ ಟನ್ ಸಾಮಾನು. ಅದರಲ್ಲಿ ಮೂಲಂಗಿ ಬೀಜ ಇತ್ತು, ಹೊಸ ಮಾದರಿಯ ಒಂದು ಶೌಚಾಲಯವೂ ಇತ್ತು. ನಗಬೇಡಿ! ಅಲ್ಲಿ ಕೆಟ್ಟುಹೋದರೆ ಪ್ಲಂಬರ್ ಬರುವುದಿಲ್ಲ.

ಸಾಮಾನು ಬರದಿದ್ದರೆ

2014ರ ಅಕ್ಟೋಬರ್ 28ರಂದು ಒಂದು ಸಿಗ್ನಸ್ ನೌಕೆಯ ರಾಕೆಟ್ ಏರಿದ ಕೆಲವೇ ಸೆಕೆಂಡುಗಳಲ್ಲಿ ಸ್ಫೋಟಿಸಿತು. 2015ರ ಏಪ್ರಿಲ್ 28ರಂದು ಹೊರಟ ಪ್ರೋಗ್ರೆಸ್ ಹಿಡಿತ ತಪ್ಪಿ ಗಿರಗಿರನೆ ತಿರುಗುತ್ತ ಕೊನೆಗೆ ಉರಿದುಹೋಯಿತು. ಜೂನ್ 28ರಂದು ಒಂದು ಡ್ರ್ಯಾಗನ್ ತನ್ನ ರಾಕೆಟ್ಟಿನೊಡನೆ ಚೂರಾಯಿತು. ರಾಕೆಟ್ಟಿನ ಒಳಗೆ ಹೀಲಿಯಂ ಸಿಲಿಂಡರನ್ನು ಹಿಡಿದಿದ್ದ ಆಸರೆ ಮುರಿದದ್ದೇ ಕಾರಣವೆಂದು ಹೇಳಲಾಯಿತು. ಎಂಟು ತಿಂಗಳಲ್ಲಿ ಮೂರು ದೇಶಿ ಅಂಗಡಿಗಳ ಲಾರಿ ಒಟ್ಟಿಗೆ ಪಲ್ಟಿಯಾದಂತೆ. ಮೇಲೆ ಇದ್ದವರು ಉಪವಾಸ ಬೀಳಲಿಲ್ಲ, ಏಕೆಂದರೆ ತಿಂಗಳುಗಟ್ಟಲೆಗೆ ಆಗುವಷ್ಟು ದಾಸ್ತಾನು ಮೊದಲೇ ಇಟ್ಟಿದ್ದರು. ಜುಲೈ 5ರಂದು ಇನ್ನೊಂದು ಪ್ರೋಗ್ರೆಸ್, ಆಗಸ್ಟಿನಲ್ಲಿ ಜಪಾನಿನ ನೌಕೆ ತಲುಪಿದವು. ಆ ವರ್ಷದ ಡಿಸೆಂಬರ್ 15ರಂದು ನಿಮಗೆಲ್ಲ ಗೊತ್ತಿರುವ ಟಿಮ್ ಪೀಕ್ ಅದೇ ನಿಲ್ದಾಣಕ್ಕೆ ಹೋದರು.

ಟಿವಿಯ ಈಗಲ್‌ಗಳೂ ಕಂತು ಕಂತಿಗೆ ಬಿದ್ದು ಮುರಿಯುತ್ತಿದ್ದವು. ಆದರೆ ಮುಂದಿನ ವಾರ ಮತ್ತಷ್ಟು ಈಗಲ್‌ಗಳು ಸಿದ್ಧವಾಗಿ ನಿಂತಿರುತ್ತಿದ್ದವು. ಎಲ್ಲಿಂದ ಬಂದವೋ ಕೇಳಬಾರದು.

ಸಂಧಿ

ಈಗಲ್‌ನಲ್ಲಿ ಕಥೆಗಾರರು ತೀರಾ ಹಗುರವಾಗಿ ತೆಗೆದುಕೊಂಡದ್ದು ಜೋಡಣೆಯ ಕೆಲಸವನ್ನು, ಅಂದರೆ ಡಾಕಿಂಗ್. ಅಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ನಿಜದಲ್ಲಿ ಸರಕು ನೌಕೆಯ ಯೋಗ್ಯತೆ ತಿಳಿಯುವುದು ಅದರ ಎಂಜಿನ್ನಿನ ಆರ್ಭಟದಿಂದ ಅಲ್ಲ, ಕೊನೆಯ ಕೆಲವು ಮೀಟರುಗಳಲ್ಲಿ ಅದು ಎಷ್ಟು ಮೆಲ್ಲಗೆ ನಡೆಯಬಲ್ಲದು ಎಂಬುದರಿಂದ.

ನೀವು ಮೆಟ್ರೊಪಾಲಿಟನ್ ರೈಲಿನಲ್ಲಿ ಊರೊಳಗೆ ಹೋಗುವಾಗ ವೆಂಬ್ಲಿ ಪಾರ್ಕ್ ಮತ್ತು ಫಿಂಚ್ಲಿ ರೋಡ್ ನಡುವೆ ಪಕ್ಕದ ಹಳಿಯಲ್ಲಿ ಜುಬಿಲಿ ರೈಲು ಬರುತ್ತದೆ. ಎರಡೂ ಒಂದೇ ವೇಗದಲ್ಲಿದ್ದರೆ ಆ ರೈಲಿನ ಮಗು ನಿಂತಂತೆಯೇ ಕಾಣುತ್ತದೆ, ಕೈಬೀಸಿ ಮಾತಾಡಿಸಬಹುದು. ಅಂತರಿಕ್ಷ ನಿಲ್ದಾಣ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ನೌಕೆಯೂ ಅಷ್ಟೇ ವೇಗದಲ್ಲಿದ್ದರೆ ಒಂದಕ್ಕೊಂದು ನಿಂತಂತೆ. ಇಲ್ಲಿಯವರೆಗೆ ಸುಲಭ. ಆದರೆ ಆಕಾಶದಲ್ಲಿ ಹಳಿ ಇಲ್ಲ. ನೀವು ಹಿಂದೆ ಬಿದ್ದಿದ್ದೀರಿ, ಮುಂದಿನದನ್ನು ಹಿಡಿಯಬೇಕು ಎಂದುಕೊಳ್ಳಿ. ಕಾರಿನಲ್ಲಾದರೆ ವೇಗ ಹೆಚ್ಚಿಸುತ್ತೀರಿ. ಅಲ್ಲಿ ಹಾಗೆ ಮಾಡಿದರೆ ನೌಕೆ ಇನ್ನೂ ಎತ್ತರದ ಕಕ್ಷೆಗೆ ಏರುತ್ತದೆ, ಅಲ್ಲಿ ಒಂದು ಸುತ್ತಿಗೆ ಹೆಚ್ಚು ಹೊತ್ತು ಹಿಡಿಯುವುದರಿಂದ ಮತ್ತಷ್ಟು ಹಿಂದೆ ಬೀಳುತ್ತೀರಿ! ಮುಂದಿನದನ್ನು ಹಿಡಿಯಬೇಕಾದರೆ ಸ್ವಲ್ಪ ಬ್ರೇಕ್ ಹಾಕಿ ಕೆಳಗಿನ ಕಕ್ಷೆಗೆ ಇಳಿಯಬೇಕು. ಕೆಳಗಿನ ಸುತ್ತು ಬೇಗ ಮುಗಿಯುತ್ತದೆ. ಹತ್ತಿರ ಬಂದಮೇಲೆ ಮತ್ತೆ ಏರಬೇಕು. ಇದನ್ನು ಎರಡು ಸಲ ಓದಿ. ನನಗೂ ಮೊದಲ ಸಲ ಅರ್ಥವಾಗಿರಲಿಲ್ಲ.

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1997ರ ಜೂನ್ 25ರ ಘಟನೆ ಇದೆ. ರಷ್ಯದ 'ಮಿರ್' ನಿಲ್ದಾಣದಲ್ಲಿ ಆಗ ಮೂವರಿದ್ದರು: ವಸಿಲಿ ಸಿಬ್ಲಿಯೆವ್, ಅಲೆಕ್ಸಾಂಡರ್ ಲಜುಟ್ಕಿನ್ ಮತ್ತು ಇಂಗ್ಲೆಂಡಿನ ಲೌತ್‌ನಲ್ಲಿ ಹುಟ್ಟಿದ ಮೈಕೆಲ್ ಫೋಲ್. ಪ್ರೋಗ್ರೆಸ್ ನೌಕೆಯನ್ನು ರೇಡಾರ್ ಸಹಾಯವಿಲ್ಲದೆ, ಟಿವಿ ಪರದೆ ನೋಡಿಕೊಂಡು, ಕೈಯಿಂದಲೇ ತಂದು ಜೋಡಿಸುವ ಪರೀಕ್ಷೆ ಅದು. ಪರದೆಯಲ್ಲಿ ಮಿರ್‌ನ ಹಿಂದೆ ಭೂಮಿಯ ಮೋಡಗಳು. ನಿಲ್ದಾಣ ಎಷ್ಟು ದೂರವಿದೆ, ನೌಕೆ ಎಷ್ಟು ವೇಗದಲ್ಲಿದೆ ತಿಳಿಯುವುದೇ ಕಷ್ಟ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. 7 ಟನ್ನಿನ ನೌಕೆ ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಬಂದು 'ಸ್ಪೆಕ್ಟರ್' ಎಂಬ ಕೋಣೆಗೆ ಬಡಿಯಿತು. ನಮ್ಮ ಹುಡುಗರು ಮೈದಾನದಲ್ಲಿ ಓಡುವ ವೇಗ ಅಷ್ಟೇ, ಆದರೆ 7 ಟನ್! ಗೋಡೆ ತೂತಾಗಿ ಗಾಳಿ ಸೋರತೊಡಗಿತು, ಒತ್ತಡ ಇಳಿಯುತ್ತಿರುವುದು ಕಿವಿಗೇ ತಿಳಿಯುತ್ತಿತ್ತು. ಆ ಕೋಣೆಯ ಬಾಗಿಲು ಹಾಕೋಣವೆಂದರೆ ಅದರ ಮೂಲಕ ತಂತಿಗಳು ಹಾದುಹೋಗಿದ್ದವು. ಲಜುಟ್ಕಿನ್ ಮತ್ತು ಫೋಲ್ ಅವನ್ನು ಒಂದೊಂದಾಗಿ ಬಿಚ್ಚಿ, ಬಿಚ್ಚಲಾಗದ್ದನ್ನು ಕತ್ತರಿಸಿ, ಕೊನೆಗೂ ಬಾಗಿಲು ಮುಚ್ಚಿದರು. ಫೋಲ್ ಮಲಗುತ್ತಿದ್ದದ್ದು ಆ ಕೋಣೆಯಲ್ಲೇ. ಅವರ ಸಾಮಾನೆಲ್ಲ ಅಲ್ಲೇ ಉಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಡಿದ ತಂತಿಗಳೊಡನೆ ವಿದ್ಯುತ್ತೂ ಹೋಗಿತ್ತು, ನಿಲ್ದಾಣ ತಿರುಗತೊಡಗಿತ್ತು, ಸೌರ ಫಲಕಗಳು ಸೂರ್ಯನ ಕಡೆ ನಿಲ್ಲುತ್ತಿರಲಿಲ್ಲ. ಫೋಲ್ ಕಿಟಕಿಗೆ ಹೆಬ್ಬೆರಳು ಚಾಚಿ, ನಕ್ಷತ್ರಗಳು ಅದನ್ನು ದಾಟುವ ವೇಗ ನೋಡಿ, ನಿಲ್ದಾಣ ಎಷ್ಟು ಬೇಗ ತಿರುಗುತ್ತಿದೆ ಎಂದು ಲೆಕ್ಕ ಹಾಕಿ ಭೂಮಿಗೆ ತಿಳಿಸಿದರು. ಅದರ ಆಧಾರದ ಮೇಲೆ ಎಂಜಿನ್ ಉರಿಸಿ ತಿರುಗುವಿಕೆಯನ್ನು ನಿಲ್ಲಿಸಿದರು. ಕಂಪ್ಯೂಟರ್ ಇಲ್ಲದೆ ಹೆಬ್ಬೆರಳಿನ ಗಣಿತ! ಕ್ಯಾಲ್ಕುಲೇಟರ್ ಬೇಕೇ ಬೇಕು ಎನ್ನುವವರು ಇದನ್ನು ನೆನಪಿಡಿ.

ಪೀಣ್ಯದಿಂದ ಪೀಣ್ಯಕ್ಕೆ

ನಮ್ಮ ಕರ್ನಾಟಕಕ್ಕೂ ಈ ಪಾಠಕ್ಕೂ ಏನು ಸಂಬಂಧ ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಸಂಬಂಧ ಇದೆ. ಬ್ರೇ ಸ್ಟುಡಿಯೋದಲ್ಲಿ ಈಗಲ್ ಮಾದರಿಗಳನ್ನು ಹಾರಿಸುತ್ತಿದ್ದ ಅದೇ ಕಾಲದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ 'ಆರ್ಯಭಟ' ತಯಾರಾಗುತ್ತಿತ್ತು. ಮುಂದಾಳು ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್. ಸುಮಾರು 360 ಕಿಲೋ ತೂಕದ ಅದನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿಸಿತು. ಆಮೇಲೆ 1981ರಲ್ಲಿ 'ಆಪಲ್' ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಾದಾಗ ಅದನ್ನು ಎತ್ತಿನ ಗಾಡಿಯ ಮೇಲೆ ಇಟ್ಟರು. ಆ ಫೋಟೋ ನೋಡಿ ಬಡತನ ಎಂದು ನಗುವವರಿದ್ದಾರೆ. ಕೆಲಸಕ್ಕೆ ಸರಿಯಾದ ಸರಕು ವಾಹನವನ್ನು ಆರಿಸಿದರು ಎಂದು ನಾನು ಹೇಳುತ್ತೇನೆ.

ಸರಕು ನೌಕೆ ಭಾರತದಲ್ಲಿ ಇನ್ನೂ ಇಲ್ಲ. ಆದರೆ ಅದಕ್ಕೆ ಬೇಕಾದ ಸಂಧಿಯನ್ನು ಇಸ್ರೋ ಕಲಿತಿದೆ. 2024ರ ಡಿಸೆಂಬರ್ 30ರಂದು 'ಸ್ಪೇಡೆಕ್ಸ್' ಯೋಜನೆಯ ಎರಡು ಪುಟ್ಟ ಉಪಗ್ರಹಗಳು ಶ್ರೀಹರಿಕೋಟಾದಿಂದ ಹೊರಟವು. ಒಂದೊಂದೂ 220 ಕಿಲೋ. ಒಂದು ಓಡುವುದು, ಇನ್ನೊಂದು ಬೆನ್ನಟ್ಟುವುದು, ಕಬಡ್ಡಿಯಂತೆ. ಜನವರಿ 7ರಂದು ಜೋಡಿಸಬೇಕಿತ್ತು, 9ಕ್ಕೆ ಮುಂದೂಡಿದರು, ಆಗಲೂ ನಿರೀಕ್ಷೆಗಿಂತ ಹೆಚ್ಚು ಸರಿದದ್ದರಿಂದ ನಿಲ್ಲಿಸಿದರು. 12ರಂದು 15 ಮೀಟರಿಗೆ, ಆಮೇಲೆ 3 ಮೀಟರಿಗೆ ತಂದು, ಅಷ್ಟು ಹತ್ತಿರದಿಂದ ಮತ್ತೆ ಹಿಂದಕ್ಕೆ ಸರಿಸಿದರು. ಜನರಿಗೆ ನಿರಾಸೆ. ನನಗೆ ಮಿರ್ ನೆನಪಾಗಿ ಸಮಾಧಾನವಾಯಿತು. 2025ರ ಜನವರಿ 16ರಂದು ಎರಡೂ ಕೂಡಿದವು. ಮುಟ್ಟುವ ವೇಗ ಸೆಕೆಂಡಿಗೆ 10 ಮಿಲಿಮೀಟರಿನ ಆಸುಪಾಸು ಇರಬೇಕೆಂದು ಯೋಜನೆಯಲ್ಲಿತ್ತು. ಮಿರ್‌ಗೆ ಬಡಿದ ಪ್ರೋಗ್ರೆಸ್‌ನ ವೇಗದ ಮುನ್ನೂರರಲ್ಲಿ ಒಂದು ಪಾಲು! ರಷ್ಯ, ಅಮೆರಿಕ, ಚೀನಾ ಬಿಟ್ಟರೆ ಇದನ್ನು ಮಾಡಿದ ನಾಲ್ಕನೆಯ ದೇಶ ಭಾರತ. ಇದನ್ನು ನಡೆಸಿದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರುವುದು ಎಲ್ಲಿ ಗೊತ್ತೇ? ಅದೇ ಪೀಣ್ಯದಲ್ಲಿ.

ಮನೆಗೆಲಸ

1. ಸ್ಟ್ರಾ ಮತ್ತು ಬೆಂಕಿಪೆಟ್ಟಿಗೆ ಬಳಸಿ, ಡಬ್ಬ ಬಿಚ್ಚಿ ಜೋಡಿಸಬಹುದಾದ ಈಗಲ್ ಮಾಡಿ. ಡಬ್ಬ ತೆಗೆದಾಗಲೂ ಚೌಕಟ್ಟು ಬಾಗಬಾರದು. ಬಾಗಿದರೆ ಕಡ್ಡಿಗಳನ್ನು ತ್ರಿಕೋನವಾಗಿ ಹೆಣೆದು ನೋಡಿ.

2. ನಿಮ್ಮ ಶಾಲೆಯ ಚೀಲವನ್ನು ತೂಗಿ. ಅದನ್ನು ಪ್ರೋಗ್ರೆಸ್‌ನಲ್ಲಿ ಕಳಿಸಲು ಎಷ್ಟು ಕಿಲೋ ರಾಕೆಟ್ ಬೇಕು?

3. ಅಂತರಿಕ್ಷ ನಿಲ್ದಾಣದ ದಾರಿ ಭೂಮಧ್ಯರೇಖೆಯಿಂದ ಉತ್ತರಕ್ಕೆ 51.6 ಡಿಗ್ರಿಯವರೆಗೆ ಬರುತ್ತದೆ, ಲಂಡನ್ ಇರುವುದು 51.5ರಲ್ಲಿ. ಆದ್ದರಿಂದ ಅದು ಆಗಾಗ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ಹೊತ್ತು ಮುಳುಗಿದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಮಿನುಗದೆ ಸಾಗುವ ಪ್ರಕಾಶಮಾನವಾದ ಚುಕ್ಕಿಯನ್ನು ಅಪ್ಪ ಅಮ್ಮನ ಜೊತೆ ನೋಡಿ. ಅದರ ಹಿಂದೆಯೋ ಮುಂದೆಯೋ ಇನ್ನೊಂದು ಮಂಕು ಚುಕ್ಕಿ ಅದೇ ದಾರಿಯಲ್ಲಿ ಹೋಗುತ್ತಿದ್ದರೆ ದಿನಾಂಕ, ಸಮಯ ಬರೆದುಕೊಂಡು ತರಗತಿಗೆ ತನ್ನಿ. ಅಂದು ಯಾವ ಸರಕು ನೌಕೆ ಹತ್ತಿರದಲ್ಲಿತ್ತು ಎಂದು ಒಟ್ಟಿಗೆ ಹುಡುಕೋಣ.